ಹಲ್ಲು ಕಚ್ಚಿಕೊಂಡಿದ್ದೇನೆ ಎಂದು ತಿಳಿದ ಬೆಳಗ್ಗೆ

ಆರು ವರ್ಷಗಳ ಹಿಂದೆ, ಹಿಂಬದಿಯ ದವಡೆಹಲ್ಲೊಂದರ ಅಂಚು ಒಡೆದು ನಾಲಿಗೆಗೆ ಚುಚ್ಚತೊಡಗಿದ್ದರಿಂದ ದಂತವೈದ್ಯರ ಬಳಿಗೆ ಹೋಗಿದ್ದೆ. ಅವರು ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಅನಂತರ ನನ್ನ ಕೈಗೂ ಒಂದು ಕನ್ನಡಿ ಕೊಟ್ಟು, ದವಡೆಹಲ್ಲುಗಳ ನೆತ್ತಿಯ ಮೇಲಿರಬೇಕಾದ ಸಣ್ಣ ಸಣ್ಣ ಏರಿಳಿತಗಳೆಲ್ಲ ಸವೆದು, ತೇಯ್ದ ಕಲ್ಲಿನಂತೆ ಮಟ್ಟಸವಾಗಿರುವುದನ್ನು ತೋರಿಸಿದರು. “ನೀವು ಹಲ್ಲು ಕಡಿಯುತ್ತೀರಾ?” ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ, ನಿಜಕ್ಕೂ ಗೊತ್ತಿರಲಿಲ್ಲ.

ಬಾಯಿ ಮುಚ್ಚಿಕೊಂಡು ಸುಮ್ಮನಿರುವಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 2ರಿಂದ 4 ಮಿಲಿಮೀಟರಿನಷ್ಟು ಅಂತರ ಇರಬೇಕು ಎಂಬುದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆ. ತುಟಿಗಳು ಕೂಡಿರಬಹುದು, ಹಲ್ಲುಗಳು ಕೂಡಿರಬಾರದು. ಅಗಿಯುವಾಗ, ನುಂಗುವಾಗ ಅವು ಒಂದಕ್ಕೊಂದು ತಾಗುತ್ತವೆ. ಉಳಿದ ಹೊತ್ತೆಲ್ಲ ಕೆಳದವಡೆ ಸಡಿಲವಾಗಿ ತೂಗಿಕೊಂಡಿರಬೇಕು. ವೈದ್ಯರು ಒಡೆದ ಅಂಚನ್ನು ನಯಗೊಳಿಸಿ, ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳಲು ಒಂದು ಗಾರ್ಡ್ (ರಕ್ಷಣಾ ಕವಚ) ಮಾಡಿಸಿಕೊಟ್ಟು, ಹಗಲಿನಲ್ಲಿ ದವಡೆಯ ಮೇಲೆ ಗಮನವಿಡಿ ಎಂದು ಹೇಳಿ ಕಳುಹಿಸಿದರು. ಆ ಕೊನೆಯ ಮಾತನ್ನು ಪಾಲಿಸಲು ನನ್ನಿಂದ ಆಗಲೇ ಇಲ್ಲ. ಗಮನವಿಡಬೇಕೆಂಬುದು ನೆನಪಾಗುತ್ತಿದ್ದುದು ಗಮನ ಇದ್ದಾಗ. ಹಲ್ಲು ಕಚ್ಚಿಕೊಳ್ಳುತ್ತಿದ್ದುದು ಗಮನ ಬೇರೆಲ್ಲೋ ಇದ್ದಾಗ. ಈ ಎರಡು ಹೊತ್ತುಗಳು ಒಂದನ್ನೊಂದು ಸಂಧಿಸುತ್ತಲೇ ಇರಲಿಲ್ಲ.

ಅದೇ ವರ್ಷ, ಬೇರೆಯದೇ ಕಾರಣಕ್ಕೆ, ಧ್ಯಾನಕ್ಕೆ ಕೂರಲು ಆರಂಭಿಸಿದ್ದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೂ ನಿದ್ದೆ ಹತ್ತುತ್ತಿರಲಿಲ್ಲ. ರಕ್ತದೊತ್ತಡ ಗಡಿಯ ಮೇಲಿತ್ತು; ಮಾತ್ರೆ ಈಗಲೇ ಬೇಡ, ನಡಿಗೆ ಹೆಚ್ಚಿಸಿ, ಉಪ್ಪು ಕಡಿಮೆ ಮಾಡಿ, ಮನಸ್ಸನ್ನು ಸ್ವಲ್ಪ ತಣ್ಣಗಿಡಿ ಎಂದಿದ್ದರು ವೈದ್ಯರು. ಮೊದಲ ಎರಡರ ಅರ್ಥ ಸ್ಪಷ್ಟವಿತ್ತು. ಮೂರನೆಯದಕ್ಕೆ ದಾರಿ ಹುಡುಕುತ್ತ, ಬೆಳಗ್ಗೆ ಇಪ್ಪತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿ ಕುಳಿತು ಉಸಿರನ್ನು ಗಮನಿಸುವುದೆಂದು ನಿಶ್ಚಯಿಸಿಕೊಂಡೆ. ಕೂತೊಡನೆ ಒಂದು ಬಗೆಯ ಶಾಂತಿ ಇಳಿದು ಬರುತ್ತದೆಂದು ಎಣಿಸಿದ್ದೆ. ಮೊದಲ ಎರಡು ವಾರ ಬಂದದ್ದು ಮೊಣಕಾಲು ನೋವು, ಮೂಗಿನ ತುದಿಯ ತುರಿಕೆ, ಮತ್ತು ಹಿಂದಿನ ದಿನ ಯಾರಿಗೋ ಕೊಡಬೇಕಾಗಿದ್ದು ಕೊಡದೆ ಬಿಟ್ಟ ಉತ್ತರಗಳ ದೊಡ್ಡ ಮೆರವಣಿಗೆ.

ಹತ್ತೊಂಬತ್ತನೆಯ ದಿನವೋ ಇಪ್ಪತ್ತನೆಯ ದಿನವೋ ಇರಬೇಕು. ಉಸಿರು ಮೂಗಿನ ಹೊಳ್ಳೆಯ ಒಳ ಅಂಚಿಗೆ ತಣ್ಣಗೆ ತಾಗಿ ಒಳಗೆ ಹೋಗುವುದನ್ನೂ, ತುಸು ಬೆಚ್ಚಗಾಗಿ ಹೊರಗೆ ಬರುವುದನ್ನೂ ನೋಡುತ್ತಿದ್ದೆ. ಬಿಟ್ಟ ಉಸಿರಿನ ಕೊನೆಗೂ ಮುಂದಿನ ಉಸಿರಿನ ಮೊದಲಿಗೂ ನಡುವೆ ಒಂದು ಚಿಕ್ಕ ನಿಲುಗಡೆ ಇರುತ್ತದೆ. ಆ ನಿಲುಗಡೆಯಲ್ಲಿ, ಯಾವ ಹುಡುಕಾಟವೂ ಇಲ್ಲದೆ, ಕಿವಿಯ ಕೆಳಗೆ ಎರಡೂ ಬದಿ ಗಟ್ಟಿಯಾದ ಗಂಟಿನಂಥದ್ದು ಇರುವುದು ತಿಳಿಯಿತು. ಅದನ್ನು ಹಿಂಬಾಲಿಸಿದರೆ ಹಲ್ಲುಗಳು ಒಂದರ ಮೇಲೊಂದು ಕೂತು ಒತ್ತುತ್ತಿದ್ದವು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎದುರಿಗೆ ಯಾರೂ ಇರಲಿಲ್ಲ, ಮುಗಿಸಬೇಕಾದ ಕೆಲಸವೂ ಆ ಕ್ಷಣಕ್ಕೆ ಇರಲಿಲ್ಲ, ಆದರೂ ನನ್ನ ದವಡೆ ಯಾವುದನ್ನೋ ತಡೆದು ನಿಲ್ಲಿಸುವಂತೆ ಬಿಗಿದುಕೊಂಡಿತ್ತು. ಬಿಟ್ಟೆ. ಬಿಟ್ಟ ಕೂಡಲೇ ಭುಜಗಳೂ ಒಂದಿಷ್ಟು ಕೆಳಗಿಳಿದವು. ಅವು ಮೇಲೇರಿದ್ದವೆಂಬುದು ಇಳಿದ ಮೇಲೆ ಗೊತ್ತಾಯಿತು.

‘ಹಲ್ಲು ಕಚ್ಚಿಕೊಂಡು ಸಹಿಸುವುದು’ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ. ಅದೊಂದು ಮಾತಿನ ಅಲಂಕಾರವೆಂದೇ ನಾನು ತಿಳಿದಿದ್ದೆ. ಆ ಬೆಳಗ್ಗೆ ಅದು ನನ್ನ ದೇಹದ ಸ್ಥಿತಿಯ ಅಕ್ಷರಶಃ ವರ್ಣನೆಯಾಗಿ ಕಂಡಿತು, ಮತ್ತು ಅದನ್ನು ಕಂಡದ್ದರಿಂದ ನನಗೆ ದುಃಖವಾಯಿತು. ಎಷ್ಟು ವರ್ಷಗಳಿಂದ ಹೀಗಿದ್ದೆನೋ!

ಧ್ಯಾನ ನನಗೆ ಮೊದಲು ಕೊಟ್ಟದ್ದು ಸುದ್ದಿ. ನೆಮ್ಮದಿ ಬಂದದ್ದು ಅದರ ಹಿಂದೆ, ಬಹಳ ನಿಧಾನವಾಗಿ, ಅದೂ ಕುಳಿತ ಹೊತ್ತಿಗಿಂತ ಎದ್ದು ಹೋದ ಮೇಲಿನ ಹೊತ್ತಿನಲ್ಲಿ. ಧ್ಯಾನದ ದೈಹಿಕ, ಮಾನಸಿಕ ಲಾಭಗಳ ಬಗ್ಗೆ ಓದಿದ್ದನ್ನೂ ನಾನು ಕಂಡದ್ದನ್ನೂ ಜೊತೆಗಿಟ್ಟು ನೋಡಿದಾಗ ಅವುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ ಎಂದು ನನಗೆ ಅನ್ನಿಸಿದೆ: ನಮ್ಮೊಳಗೆ ಆಗುತ್ತಿರುವುದು ನಮಗೆ ತಿಳಿಯುವುದು, ಮತ್ತು ಸಕಾಲದಲ್ಲಿ ತಿಳಿಯುವುದು.

ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂಬ ತಿಳಿವಳಿಕೆ ಬಹಳ ಜನರನ್ನು ಮೊದಲ ವಾರದಲ್ಲೇ ಸೋಲಿಸಿಬಿಡುತ್ತದೆ. ನನ್ನ ಪರಿಚಯದವರಲ್ಲಿ ಅನೇಕರು “ನನ್ನ ತಲೆಯಲ್ಲಿ ಯೋಚನೆ ನಿಲ್ಲುವುದೇ ಇಲ್ಲ, ಧ್ಯಾನ ನನಗೆ ಹೇಳಿದ್ದಲ್ಲ” ಎನ್ನುತ್ತಾರೆ. ಯೋಚನೆ ಯಾರಿಗೂ ನಿಲ್ಲುವುದಿಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಅವರು 2,250 ವಯಸ್ಕರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನ ಮೂಲಕ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ ಎಂದು ಕೇಳಿ ಉತ್ತರಗಳನ್ನು ಕಲೆಹಾಕಿದರು. ಕೇಳಿದ ಸಮಯಗಳಲ್ಲಿ ಶೇ. 46.9ರಷ್ಟರಲ್ಲಿ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಅಲೆಯುತ್ತಿದ್ದಾಗ ಅವರು ಅಷ್ಟು ಸುಖವಾಗಿಯೂ ಇರಲಿಲ್ಲ. ಇಷ್ಟವಾದ ವಿಷಯದ ಕಡೆಗೆ ಅಲೆದಾಗಲೂ ಕೈಯಲ್ಲಿರುವ ಕೆಲಸದಲ್ಲಿದ್ದಾಗಿನದಕ್ಕಿಂತ ಹೆಚ್ಚಿನ ಸಂತೋಷವೇನೂ ಕಾಣಲಿಲ್ಲ. ಎಚ್ಚರವಿರುವ ಬದುಕಿನ ಹತ್ತಿರ ಹತ್ತಿರ ಅರ್ಧ ಭಾಗ ನಾವು ಇರುವಲ್ಲಿ ಇರುವುದಿಲ್ಲ ಎಂದಾಯಿತು.

ಆದ್ದರಿಂದ ಕೂತಾಗ ಮನಸ್ಸು ಓಡುವುದು ಸೋಲಲ್ಲ. ಓಡಿದ್ದು ತಿಳಿದು ಅದನ್ನು ಕರೆದು ತರುವ ಆ ಒಂದು ಚಲನೆಯೇ ನಿಜವಾದ ಅಭ್ಯಾಸ. ಇಪ್ಪತ್ತು ನಿಮಿಷದಲ್ಲಿ ನೂರು ಬಾರಿ ಓಡಿ ನೂರು ಬಾರಿ ಹಿಂದಿರುಗಿದವರು ನೂರು ಬಾರಿ ಅಭ್ಯಾಸ ಮಾಡಿದಂತೆ. ಕರೆಯುವಾಗ ಗದರಬಾರದು. ಇದನ್ನು ಕಲಿಯಲು ನನಗೆ ವರ್ಷವೇ ಹಿಡಿಯಿತು, ಏಕೆಂದರೆ ನನ್ನನ್ನು ನಾನು ಗದರಿಕೊಳ್ಳುತ್ತಿದ್ದೇನೆ ಎಂಬುದೂ ನನಗೆ ತಿಳಿದಿರಲಿಲ್ಲ.

ದೇಹದ ವಿಷಯಕ್ಕೆ ಬರುತ್ತೇನೆ. ಅಪಾಯ ಎದುರಾದಾಗ ದೇಹ ಹೋರಾಡಲು ಇಲ್ಲವೇ ಓಡಲು ಸಿದ್ಧವಾಗುವ ಬಗೆಯನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಹೃದಯ ಬೇಗ ಬಡಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಎದುರಿಗೆ ಹುಲಿ ಇದ್ದರೆ ಇದೆಲ್ಲ ಬೇಕು. ಬಂದ ಇಮೇಲ್‌ಗೆ, ಬಾರದ ಫೋನ್ ಕರೆಗೆ, ಹತ್ತು ವರ್ಷದ ಹಿಂದಿನ ಅವಮಾನದ ನೆನಪಿಗೆ ಕೂಡ ದೇಹ ಇದೇ ಸಿದ್ಧತೆಯನ್ನು ಮಾಡಿಕೊಳ್ಳುತ್ತದೆ ಎಂಬುದೇ ಕಷ್ಟ. ಹುಲಿ ಹೋದ ಮೇಲೆ ದೇಹ ಸಡಿಲಗೊಳ್ಳುತ್ತದೆ. ನೆನಪು ಹೋಗುವುದೇ ಇಲ್ಲ, ಹಾಗಾಗಿ ಬಿಗಿತವೂ ಹೋಗುವುದಿಲ್ಲ. ನನ್ನ ದವಡೆ ಹೀಗೆ ಹುಲಿಯಿಲ್ಲದ ಕಾಡಿನಲ್ಲಿ ವರ್ಷಗಟ್ಟಲೆ ಕಾವಲು ಕಾಯುತ್ತಿತ್ತು.

ಈ ಸಿದ್ಧತೆಗೆ ಎದುರಾದ ಇನ್ನೊಂದು ವ್ಯವಸ್ಥೆಯೂ ದೇಹದಲ್ಲಿದೆ. ಅದರ ಮುಖ್ಯ ತಂತು ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳನ್ನು ಮುಟ್ಟುವ ವೇಗಸ್ ನರ. ಉಸಿರು ಒಳಗೆಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಹೊರಗೆ ಬಿಡುವಾಗ ತುಸು ನಿಧಾನವಾಗುತ್ತದೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ದೀರ್ಘವಾಗಿ ಉಸಿರು ಬಿಟ್ಟು ನೋಡಿದರೆ ಬಹಳ ಜನರಿಗೆ ಇದು ಸ್ವತಃ ತಿಳಿಯುತ್ತದೆ. ನಾನು ಇದನ್ನು ಮೊದಲು ಗುರುತಿಸಿದ ದಿನ ಮಗುವಿನಂತೆ ಖುಷಿಪಟ್ಟಿದ್ದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಗಮನವಿಟ್ಟು ಕೂತಾಗ ಅದು ತಾನಾಗಿಯೇ ಇಳಿಯುತ್ತದೆ. ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ನನಗೆ ಬಹಳ ಇಷ್ಟ. ಅವರು 23 ಆರೋಗ್ಯವಂತರಿಂದ ಜಪಮಾಲೆಯ ಕ್ರೈಸ್ತ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳಿಸಿದರು, ಮಂತ್ರವೊಂದರ ಜಪವನ್ನೂ ಮಾಡಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ಮತ್ತು ಆ ಲಯದಲ್ಲಿ ಹೃದಯದ ಬಡಿತ ಹಾಗೂ ರಕ್ತದೊತ್ತಡದ ಸಹಜ ಏರಿಳಿತಗಳು ಉಸಿರಿನೊಂದಿಗೆ ಹೊಂದಿಕೊಂಡು ಸಾಗಿದವು. ಭಾಷೆ ಬೇರೆ, ನಂಬಿಕೆ ಬೇರೆ, ಆದರೆ ಎರಡು ಪರಂಪರೆಗಳೂ ಹೃದಯಕ್ಕೆ ಒಗ್ಗುವ ಒಂದೇ ಲಯವನ್ನು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದವು.

ಆಧುನಿಕ ಪ್ರಯೋಗಾಲಯದಲ್ಲಿ ಧ್ಯಾನದ ಮಾಪನ ಗಂಭೀರವಾಗಿ ಆರಂಭವಾದದ್ದು 1970ರ ಸುಮಾರಿಗೆ. ರಾಬರ್ಟ್ ಕೀತ್ ವ್ಯಾಲೇಸ್ ಮತ್ತು ಹಾರ್ವರ್ಡಿನ ಹೃದ್ರೋಗತಜ್ಞ ಹರ್ಬರ್ಟ್ ಬೆನ್ಸನ್ ಅವರು ಧ್ಯಾನಿಗಳ ದೇಹ ಬಳಸುವ ಆಮ್ಲಜನಕ ಕಡಿಮೆಯಾಗುವುದನ್ನೂ ಹೃದಯದ ಬಡಿತ ಇಳಿಯುವುದನ್ನೂ ದಾಖಲಿಸಿದರು. ಕಣ್ಣು ಮುಚ್ಚಿ ಸುಮ್ಮನೆ ವಿಶ್ರಮಿಸಿದರೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ ಆಗುತ್ತದೆ ಎಂದು ಮುಂದಿನ ಪರಿಶೀಲನೆಗಳು ಹೇಳಿದವು. ನನಗೆ ಇದರಿಂದ ನಿರಾಸೆಯಾಗಲಿಲ್ಲ. ಕೂತ ಹೊತ್ತಿನ ಅಳತೆಗಳಲ್ಲಿ ಧ್ಯಾನದ ಪೂರ್ತಿ ಬೆಲೆ ಸಿಗುವುದಿಲ್ಲ ಎಂಬ ನನ್ನ ಅನುಭವಕ್ಕೆ ಅದು ಹತ್ತಿರವಾಗಿಯೇ ಇದೆ.

ರಕ್ತದೊತ್ತಡದ ಬಗ್ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೊರಡಿಸಿದ ಹೇಳಿಕೆ ಎಚ್ಚರಿಕೆಯದ್ದು: ಧ್ಯಾನದಿಂದ ಹೃದಯಕ್ಕೆ ಲಾಭವಾಗಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಾಗಬೇಕು, ಅದನ್ನು ಸ್ಥಾಪಿತ ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳಬಹುದು, ಅದರ ಬದಲಿಗೆ ಅಲ್ಲ. ನನ್ನ ರಕ್ತದೊತ್ತಡ ಒಂದು ವರ್ಷದಲ್ಲಿ ಗಡಿಯಿಂದ ಕೆಳಗಿಳಿಯಿತು. ಆ ವರ್ಷ ನಾನು ದಿನವೂ ನಡೆದೆ, ಉಪ್ಪು ಕಡಿಮೆ ಮಾಡಿದೆ, ಧ್ಯಾನಕ್ಕೆ ಕೂತೆ. ಮೂರರಲ್ಲಿ ಯಾವುದರ ಪಾಲೆಷ್ಟು ಎಂದು ಬಿಡಿಸಲು ಹೋಗುವುದಿಲ್ಲ. ಆದರೆ ಊಟದ ತಟ್ಟೆಗೆ ಅಭ್ಯಾಸಬಲದಿಂದ ಉಪ್ಪು ಸುರಿಯಲು ಹೋದ ಕೈ ಅರ್ಧದಲ್ಲಿ ನಿಂತದ್ದು ಹಲವು ಬಾರಿ, ಮತ್ತು ಆ ಕೈ ಹೋಗುತ್ತಿರುವುದನ್ನು ನೋಡಲು ಕಲಿತದ್ದು ಬೆಳಗಿನ ಕೂತ ಇಪ್ಪತ್ತು ನಿಮಿಷದಲ್ಲಿ.

ನಿದ್ದೆಯ ಕಥೆ ಬೇರೆ. ಮೂರು ಗಂಟೆಗೆ ಎಚ್ಚರವಾಗುವುದು ಈಗಲೂ ಇದೆ. ಮೊದಲೆಲ್ಲ ಎಚ್ಚರವಾದ ಮರುಕ್ಷಣವೇ ಗಡಿಯಾರ ನೋಡಿ, ಇನ್ನೆಷ್ಟು ಗಂಟೆ ಉಳಿದಿದೆ ಎಂದು ಲೆಕ್ಕ ಹಾಕಿ, ನಿದ್ದೆ ಬಾರದಿದ್ದರೆ ನಾಳೆಯ ಕೆಲಸ ಹೇಗೆ ಕೆಡುತ್ತದೆ ಎಂಬುದನ್ನು ವಿವರವಾಗಿ ಚಿತ್ರಿಸಿಕೊಂಡು, ಆ ಚಿತ್ರಕ್ಕೆ ಹೆದರಿ, ಹೆದರಿಕೆಯಿಂದ ಮತ್ತಷ್ಟು ಎಚ್ಚರವಾಗುತ್ತಿದ್ದೆ. ಎಚ್ಚರವಾದದ್ದು ಒಂದು ಸಂಗತಿ. ಅದರ ಮೇಲೆ ಕಟ್ಟಿದ ಈ ಗೋಪುರ ಇನ್ನೊಂದು ಸಂಗತಿ. ಇವೆರಡರ ನಡುವಿನ ಕೀಲು ಕಾಣಿಸತೊಡಗಿದ ಮೇಲೆ, ಲೆಕ್ಕ ಶುರುವಾಯಿತು ಎಂದು ತಿಳಿದೊಡನೆ ಹೊಟ್ಟೆಯ ಮೇಲೆ ಕೈಯಿಟ್ಟು ಅದು ಏರಿ ಇಳಿಯುವುದನ್ನು ಗಮನಿಸುತ್ತೇನೆ. ನಿದ್ದೆ ಬರಲೆಂದು ಗಮನಿಸಿದರೆ ಬರುವುದಿಲ್ಲ, ಇದು ವಿಚಿತ್ರವಾದರೂ ನಿಜ; ನಿದ್ದೆಯನ್ನು ಕಾಯುವುದೂ ಒಂದು ಕಾವಲೇ. ಬಂದರೆ ಬರಲಿ ಎಂದು ಉಸಿರಿನೊಂದಿಗೆ ಇದ್ದುಬಿಟ್ಟ ಹೆಚ್ಚಿನ ರಾತ್ರಿಗಳಲ್ಲಿ ಅರ್ಧ ಗಂಟೆಯೊಳಗೆ ಮತ್ತೆ ನಿದ್ದೆ ಹತ್ತಿದೆ. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿದ್ರಾಸಮಸ್ಯೆಯಿದ್ದ 49 ಮಂದಿ ಹಿರಿಯರ ಮೇಲೆ ನಡೆದ ಚಿಕ್ಕ ಪ್ರಯೋಗದಲ್ಲೂ, ಒಳ್ಳೆಯ ನಿದ್ದೆಯ ನಿಯಮಗಳನ್ನಷ್ಟೇ ಕಲಿತವರಿಗಿಂತ ಆರು ವಾರ ಧ್ಯಾನಾಭ್ಯಾಸ ಮಾಡಿದವರ ನಿದ್ದೆ ಹೆಚ್ಚು ಸುಧಾರಿಸಿತ್ತು.

ನೋವಿನ ವಿಷಯದಲ್ಲಿ ಧ್ಯಾನ ವೈದ್ಯಶಾಸ್ತ್ರದೊಳಗೆ ಕಾಲಿಟ್ಟ ರೀತಿ ಮನಮುಟ್ಟುವಂಥದ್ದು. 1979ರಲ್ಲಿ ಜಾನ್ ಕಬಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಬೇರೆ ಚಿಕಿತ್ಸೆಗಳಿಂದ ಸಾಕಷ್ಟು ಉಪಶಮನ ಕಾಣದ ದೀರ್ಘಕಾಲದ ನೋವಿನ ರೋಗಿಗಳನ್ನು ಸೇರಿಸಿಕೊಂಡು ಹಲವು ವಾರಗಳ ಅಭ್ಯಾಸಕ್ರಮವೊಂದನ್ನು ಆರಂಭಿಸಿದರು. ನೋವನ್ನು ಮರೆಯಿರಿ ಎಂದು ಅವರು ಹೇಳಲಿಲ್ಲ. ನೋವಿನ ಕಡೆಗೇ ಗಮನ ತಿರುಗಿಸಿ, ಅದು ಎಲ್ಲಿದೆ, ಸೆಳೆಯುತ್ತದೆಯೋ ಉರಿಯುತ್ತದೆಯೋ, ಒಂದೇ ಸಮನೆ ಇದೆಯೋ ಏರಿಳಿಯುತ್ತದೆಯೋ ನೋಡಿ ಎಂದರು. ನೋವಿನ ಸುತ್ತ ಬಿಗಿಯುವ ಸ್ನಾಯು, ‘ಇದು ಎಂದಿಗೂ ಹೋಗುವುದಿಲ್ಲ’ ಎಂಬ ಯೋಚನೆ, ಮತ್ತು ನೋವು, ಇವು ಮೂರೂ ಬೇರೆ ಬೇರೆ ಎಂದು ಕಂಡವರಿಗೆ ಮೊದಲಿನ ಎರಡು ಸಡಿಲವಾಗುವ ಅವಕಾಶ ಸಿಗುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಹುಕಾಲದ ಸೊಂಟನೋವಿದ್ದ 342 ಮಂದಿಯನ್ನು ಮೂರು ಗುಂಪು ಮಾಡಲಾಗಿತ್ತು. 26 ವಾರಗಳ ಬಳಿಕ ದೈನಂದಿನ ಚಟುವಟಿಕೆಯಲ್ಲಿ ಗಮನಾರ್ಹ ಸುಧಾರಣೆ ಕಂಡವರು ಧ್ಯಾನದ ಗುಂಪಿನಲ್ಲಿ ಶೇ. 60.5, ಮನೋಚಿಕಿತ್ಸೆಯ ಗುಂಪಿನಲ್ಲಿ ಶೇ. 57.7, ಎಂದಿನ ಚಿಕಿತ್ಸೆಯಷ್ಟೇ ಪಡೆದವರಲ್ಲಿ ಶೇ. 44.1. ನೋವು ಮಾಯವಾಯಿತು ಎಂದು ಈ ಅಂಕಿಗಳು ಹೇಳುವುದಿಲ್ಲ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು, ಮೆಟ್ಟಿಲು ಹತ್ತುವುದು ಕೆಲವರಿಗೆ ಮತ್ತೆ ಸಾಧ್ಯವಾಯಿತು ಎನ್ನುತ್ತವೆ. ಸೊಂಟನೋವು ಬಲ್ಲವರಿಗೆ ಅದು ಸಣ್ಣ ಮಾತಲ್ಲ.

ಮನಸ್ಸಿನ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಖಿನ್ನತೆ ಮರುಕಳಿಸುವುದನ್ನು ತಡೆಯುವಲ್ಲಿ ಧ್ಯಾನದ ಪಾತ್ರ. ಒಮ್ಮೆ ಖಿನ್ನತೆಯಿಂದ ಚೇತರಿಸಿಕೊಂಡವರಿಗೆ ಸಾಮಾನ್ಯ ಬೇಸರವೂ ಜಾರುಬಂಡೆಯಾಗಬಹುದು. ಬೇಸರ ಬಂತು, ಏಕೆ ಬಂತು ಎಂಬ ಪ್ರಶ್ನೆ ಬಂತು, ನಾನು ಹೀಗೆಯೇ, ನನ್ನಿಂದ ಏನೂ ಆಗುವುದಿಲ್ಲ ಎಂಬ ಹಳೆಯ ಉತ್ತರ ಬಂತು, ಆ ಉತ್ತರದಿಂದ ಬೇಸರ ಮತ್ತಷ್ಟು ದಟ್ಟವಾಯಿತು. ಒಂದೇ ಯೋಚನೆಯನ್ನು ಮನಸ್ಸು ಹೀಗೆ ಮೆಲುಕು ಹಾಕುತ್ತಿರುವಾಗ, ಅದು ಯೋಚನೆ ಎಂಬುದೇ ಮರೆತು ಲೋಕವೇ ಹಾಗಿದೆ ಎನಿಸಿಬಿಡುತ್ತದೆ. ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಈ ಮೆಲುಕನ್ನೇ ಗುರಿಯಾಗಿಟ್ಟುಕೊಂಡು ಧ್ಯಾನವನ್ನೂ, ಯೋಚಿಸುವ ರೀತಿಯನ್ನು ತಿದ್ದುವ ಅರಿವಿನ ಚಿಕಿತ್ಸೆಯನ್ನೂ (ಕಾಗ್ನಿಟಿವ್ ಥೆರಪಿ) ಬೆಸೆದು ಒಂದು ಕ್ರಮವನ್ನು ರೂಪಿಸಿದರು. ‘ನನ್ನಿಂದ ಏನೂ ಆಗುವುದಿಲ್ಲ’ ಎನ್ನುವುದಕ್ಕೂ ‘ನನ್ನಿಂದ ಏನೂ ಆಗುವುದಿಲ್ಲ ಎಂಬ ಯೋಚನೆ ಈಗ ಬಂದಿದೆ’ ಎನ್ನುವುದಕ್ಕೂ ಇರುವ ಅಂತರ ಕೇಳಲು ಚಿಕ್ಕದು. ಆ ಅಂತರದಲ್ಲಿ ಕಾಲಿಡಲು ಜಾಗ ಸಿಕ್ಕವರು ಜಾರುವುದು ನಿಲ್ಲುತ್ತದೆ.

ಇದು ಆಶಯದ ಮಾತಷ್ಟೇ ಆಗಿ ಉಳಿದಿಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿದ್ದ ಬ್ರಿಟನ್ನಿನ 424 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆ ಮುಂದುವರಿಸಿದವರಲ್ಲಿ ಶೇ. 47 ಮಂದಿಗೆ, ಈ ಕ್ರಮವನ್ನು ಕಲಿತು ವೈದ್ಯರ ನೆರವಿನಿಂದ ಮಾತ್ರೆಯನ್ನು ಹಂತಹಂತವಾಗಿ ಇಳಿಸಿದವರಲ್ಲಿ ಶೇ. 44 ಮಂದಿಗೆ ಖಿನ್ನತೆ ಮರುಕಳಿಸಿತು. ಒಂದು ಇನ್ನೊಂದಕ್ಕಿಂತ ಮೇಲು ಎನ್ನಲಾಗದಷ್ಟು ಅವು ಹತ್ತಿರ ಇದ್ದವು. ಆತಂಕದ ಕಾಯಿಲೆಯಿದ್ದ 276 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಎಂಟು ವಾರಗಳ ಧ್ಯಾನಕ್ರಮ, ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆಗಿಂತ ಕಡಿಮೆಯಾಗಿ ಕೆಲಸ ಮಾಡಲಿಲ್ಲ. ಇಲ್ಲಿ ಒಂದು ವಿವರವನ್ನು ಬಿಡಬಾರದು: ಆ ಜನ ವಾರಕ್ಕೊಮ್ಮೆ ಶಿಕ್ಷಕರ ಎದುರು ಕೂತದ್ದಲ್ಲದೆ ಮನೆಯಲ್ಲಿ ದಿನವೂ 45 ನಿಮಿಷ ಅಭ್ಯಾಸ ಮಾಡಬೇಕಾಗಿತ್ತು. ಫೋನಿನಲ್ಲಿ ಐದು ನಿಮಿಷದ ಧ್ವನಿಮುದ್ರಣವನ್ನು ಯಾವಾಗಲೋ ಒಮ್ಮೆ ಕೇಳುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಮತ್ತು ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನನ್ನ ದೈನಿಕ ಬದುಕಿನಲ್ಲಿ ಇದರ ರೂಪ ಸಾಧಾರಣವಾದದ್ದು. ಕಳೆದ ವರ್ಷ ಒಂದು ಸಂಜೆ, ಕುಟುಂಬದವರೊಬ್ಬರಿಂದ ನನ್ನನ್ನು ದೂರುವ ಸಂದೇಶವೊಂದು ಬಂತು. ಓದುತ್ತಿದ್ದಂತೆ ಕಿವಿ ಬಿಸಿಯಾಯಿತು. ಹೆಬ್ಬೆರಳುಗಳು ಆಗಲೇ ಉತ್ತರ ಬರೆಯತೊಡಗಿದ್ದವು, ಮತ್ತು ಉತ್ತರ ಬಹಳ ಚೆನ್ನಾಗಿ, ನೋಯಿಸಬೇಕಾದಲ್ಲಿ ಸರಿಯಾಗಿ ನೋಯಿಸುವಂತೆ ಬರುತ್ತಿತ್ತು. ಎರಡನೆಯ ಸಾಲಿನ ಮಧ್ಯದಲ್ಲಿ ಕಿವಿಯ ಕೆಳಗಿನ ಆ ಹಳೆಯ ಗಂಟು ಸಿಕ್ಕಿತು. ಹಲ್ಲು ಕಚ್ಚಿದ್ದೆ. ದವಡೆ ಸಡಿಲಿಸಿದೆ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ, ಎದ್ದು ನೀರು ಕುಡಿದೆ. ಕೋಪ ಹೋಗಲಿಲ್ಲ, ಎದೆಯಲ್ಲಿ ಇನ್ನೂ ಇತ್ತು, ಆದರೆ ಅದು ಇದೆ ಎಂದು ನನಗೆ ಗೊತ್ತಿತ್ತು. ಹಿಂದಿರುಗಿ ಬಂದು ಬರೆದ ಸಾಲುಗಳನ್ನು ಅಳಿಸಿ, “ಇವತ್ತು ಏನಾಯಿತು?” ಎಂದು ಕೇಳಿದೆ. ಅವರಿಗೆ ಅಂದು ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದಿತ್ತು.

ಧ್ಯಾನದ ಹೆಸರಿನಲ್ಲಿ ಆಗುತ್ತಿರುವ ಉತ್ಪ್ರೇಕ್ಷೆ ನನಗೆ ನೋವು ತರುತ್ತದೆ, ಏಕೆಂದರೆ ಅತಿಯಾಗಿ ನಂಬಿ ಬಂದವರೇ ಬೇಗ ಬಿಟ್ಟುಹೋಗುತ್ತಾರೆ. ಎಂಟು ವಾರ ಕೂತರೆ ಮಿದುಳಿನ ರಚನೆಯೇ ಬದಲಾಗುತ್ತದೆ ಎಂಬ ಮಾತು 2011ರ ಒಂದು ಸಣ್ಣ ಅಧ್ಯಯನದ ಬಳಿಕ ಲೋಕವೆಲ್ಲ ಹರಡಿತು. 200ಕ್ಕೂ ಹೆಚ್ಚು ಜನರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ, ಇನ್ನಷ್ಟು ಬಿಗಿಯಾದ ಅಧ್ಯಯನದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. 47 ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಪರಿಶೀಲನೆ ಆತಂಕ, ಖಿನ್ನತೆ, ನೋವುಗಳಲ್ಲಿ ಧ್ಯಾನದಿಂದ ಸಣ್ಣದರಿಂದ ಮಧ್ಯಮ ಪ್ರಮಾಣದ ಸುಧಾರಣೆಯನ್ನು ಕಂಡಿತು. ವ್ಯಾಯಾಮ, ಔಷಧಿಯಂಥ ಬೇರೆ ಉಪಾಯಗಳಿಗಿಂತ ಅದು ಮೇಲು ಎನ್ನುವ ಪುರಾವೆ ಕಾಣಲಿಲ್ಲ ಎಂದೂ ಹೇಳಿತು. ಸಣ್ಣದರಿಂದ ಮಧ್ಯಮ. ನಾನು ಈ ಮಾತನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ನನ್ನ ಆರು ವರ್ಷದ ಲಾಭವೂ ಅಷ್ಟೇ, ಮತ್ತು ಆ ಅಷ್ಟನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಧ್ಯಾನ ಒಗ್ಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಧ್ಯಾನ ಮಾಡಿದವರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ಅಹಿತಕರ ಪರಿಣಾಮಗಳಾದದ್ದನ್ನು, ಅವುಗಳಲ್ಲಿ ಆತಂಕ ಮತ್ತು ಖಿನ್ನತೆಯೇ ಹೆಚ್ಚಾಗಿದ್ದುದನ್ನು 2020ರ ಪರಿಶೀಲನೆಯೊಂದು ದಾಖಲಿಸಿದೆ. ಹಿಂದೆ ಆಘಾತವನ್ನು ಉಂಡವರು ಕಣ್ಣು ಮುಚ್ಚಿ ಒಳಗೆ ತಿರುಗಿದೊಡನೆ ಮುಚ್ಚಿಟ್ಟಿದ್ದು ಎದ್ದು ಬರಬಹುದು. ಅಂಥವರು ಕಣ್ಣು ತೆರೆದುಕೊಂಡು, ಅಂಗಾಲು ನೆಲಕ್ಕೆ ತಾಗುವುದನ್ನಷ್ಟೇ ಗಮನಿಸುತ್ತ ನಿಧಾನವಾಗಿ ನಡೆಯಬಹುದು, ಎರಡು ನಿಮಿಷಕ್ಕೆ ನಿಲ್ಲಿಸಬಹುದು, ತಿಳಿದ ಚಿಕಿತ್ಸಕರ ಜೊತೆಯಲ್ಲಿ ಮಾಡಬಹುದು, ಮಾಡದೆಯೂ ಇರಬಹುದು. ಕೂತಷ್ಟೂ ಭಯ ಹೆಚ್ಚುತ್ತಿದ್ದರೆ ಅದನ್ನು ಹಲ್ಲು ಕಚ್ಚಿಕೊಂಡು ಸಹಿಸುವ ಅಗತ್ಯವಿಲ್ಲ.

ಇನ್ನು ಉಳಿದದ್ದು ನಿಯಮಿತತೆಯ ಮಾತು. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಧ್ಯಾನವನ್ನು ಪಾಠವಾಗಿ ಕಲಿಸಿ ನೋಡಿದ ದೊಡ್ಡ ಅಧ್ಯಯನ 2022ರಲ್ಲಿ ಹೊರಬಂದಾಗ, ಮಾಮೂಲಿ ಪಾಠಗಳಿಗಿಂತ ಅದರಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಹೆಚ್ಚಿನ ಪ್ರಯೋಜನವಾಗಲಿಲ್ಲ ಎಂದು ತಿಳಿಯಿತು. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿಯೇ ಇರಲಿಲ್ಲ ಎಂಬುದೂ ಅದರಲ್ಲೇ ಇದೆ. ಅಭ್ಯಾಸ ಗಟ್ಟಿಯಾಗಿ ನೆಲೆಯೂರಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಯಬೇಕು ಎಂದು ಪತಂಜಲಿ ಹೇಳಿದ ಮೂರು ಷರತ್ತುಗಳಲ್ಲಿ ನನಗೆ ಮೂರನೆಯದು ಅತ್ಯಂತ ಆಪ್ತ. ಔಷಧಿ ನುಂಗುವಂತೆ ಮುಖ ಕಿವುಚಿಕೊಂಡು ಕೂತ ತಿಂಗಳುಗಳಿಂದ ನನಗೆ ಏನೂ ದಕ್ಕಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ದಿನವೂ ಹತ್ತು ನಿಮಿಷ ಕೂರುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಹೊತ್ತು ಮತ್ತು ಜಾಗ ಒಂದೇ ಆಗಿದ್ದರೆ ಕೂರುವುದೋ ಬೇಡವೋ ಎಂಬ ದಿನನಿತ್ಯದ ವಾದವೇ ಎದ್ದೇಳುವುದಿಲ್ಲ. ನಾನು ಬೆಳಗ್ಗೆ ಮುಖ ತೊಳೆದವನೇ, ಫೋನನ್ನು ಮುಟ್ಟುವ ಮೊದಲು, ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿ ಕೂರುತ್ತೇನೆ.

ಮೂರು ವರ್ಷದ ಹಿಂದೆ, ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದಾಗ ನಲವತ್ತು ದಿನ ಕೂರಲಾಗಲಿಲ್ಲ. ಆ ದಿನಗಳಲ್ಲಿ ದವಡೆಯ ಬಿಗಿತ ನನಗೆ ತಿಳಿಯುತ್ತಿದ್ದುದು ಸಂಜೆ, ತಲೆನೋವು ಶುರುವಾದ ಮೇಲೆ. ಅದಕ್ಕೆ ಮುಂಚೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತಿತ್ತು. ಮತ್ತೆ ಕೂರಲಾರಂಭಿಸಿ ತಿಂಗಳಾಗುವ ಹೊತ್ತಿಗೆ ಆ ಗಂಟೆಗಳು ಪುನಃ ನಿಮಿಷಗಳಾದವು. ನನ್ನ ಪ್ರಗತಿಯನ್ನು ಅಳೆಯಲು ನನ್ನ ಬಳಿ ಇರುವ ಏಕೈಕ ಮಾಪನ ಇದು. ಹಲ್ಲು ಕಚ್ಚಿಕೊಳ್ಳುವುದು ನಿಂತಿಲ್ಲ. ಕಚ್ಚಿದ್ದಕ್ಕೂ ಕಚ್ಚಿದ್ದು ತಿಳಿದದ್ದಕ್ಕೂ ನಡುವಿನ ಹೊತ್ತು ಕಡಿಮೆಯಾಗಿದೆ. ಕೋಪ, ಹೆದರಿಕೆ, ಮೂರು ಗಂಟೆಯ ಲೆಕ್ಕ ಎಲ್ಲದರಲ್ಲೂ ಆದದ್ದು ಇಷ್ಟೇ.

ಕಳೆದ ತಿಂಗಳು ಅದೇ ದಂತವೈದ್ಯರು ನನ್ನ ಹಲ್ಲುಗಳ ಹಳೆಯ ಅಚ್ಚನ್ನೂ ಹೊಸ ಅಚ್ಚನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಹೊಸ ಸವೆತ ಕಾಣುತ್ತಿಲ್ಲ, ಗಾರ್ಡ್ ಮುಂದುವರಿಸಿ ಎಂದರು. ಮುಂದುವರಿಸುತ್ತಿದ್ದೇನೆ, ನಿದ್ದೆಯಲ್ಲಿ ಕಡಿಯುವ ಹಲ್ಲಿಗೆ ಎಚ್ಚರದ ಅಭ್ಯಾಸ ಕಾವಲಾಗದು. ಹಲ್ಲು ಶುಚಿ ಮಾಡಬೇಕೆಂದು ಅವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೀಪವನ್ನು ಹತ್ತಿರಕ್ಕೆಳೆದು, ಉಪಕರಣ ಕೈಗೆತ್ತಿಕೊಂಡರು. ಬಾಯಿ ಅಗಲವಾಗಿ ತೆರೆದಿತ್ತು, ಹಲ್ಲು ಕಚ್ಚಲು ಆಸ್ಪದವೇ ಇರಲಿಲ್ಲ. ನನ್ನ ಎರಡೂ ಕೈಗಳು ಕುರ್ಚಿಯ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದಿದ್ದವು. ಯಂತ್ರದ ಸದ್ದು ಶುರುವಾಗುವ ಮೊದಲೇ ಅದು ತಿಳಿಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡೆ.